ನೋರಾಡ್ ಡ್ರಿಪ್ ನಿಮ್ಮ ಕೈಗೆ ಬಂದಾಗ: ಶಾಕ್‌ನಲ್ಲಿರುವ ರೋಗಿಗೆ ಬಿಪಿ ಏರಿಸುವ ಔಷಧಿ ಕೊಡುವ ಕ್ರಮ

ಐಸಿಯು ಕೆಲಸಕ್ಕೆ ಹೊಸದಾಗಿ ಸೇರಿದ ನರ್ಸ್‌ಗಳು, ಇಂಟರ್ನ್‌ಗಳು ಎಲ್ಲಕ್ಕಿಂತ ಹೆಚ್ಚು ಹೆದರುವುದು ನಾರ್‌ಅಡ್ರಿನಲಿನ್‌ಗೆ. ವಾರ್ಡ್ ಮಾತಿನಲ್ಲಿ ನೋರಾಡ್. ಆ ಹೆದರಿಕೆ ತಪ್ಪಲ್ಲ. ಪಂಪ್‌ನಲ್ಲಿ ಒಂದೆರಡು ಎಂಎಲ್ ಹೆಚ್ಚುಕಮ್ಮಿ ಮಾಡಿದರೂ ಮಾನಿಟರ್ ಮೇಲೆ ಕಾಣುತ್ತದೆ. ಆದರೆ ಈ ಔಷಧಿಯ ಒಂದು ಗುಣ ಗೊತ್ತಿದ್ದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ರಕ್ತಕ್ಕೆ ಸೇರಿದ ನೋರಾಡ್‌ನಲ್ಲಿ ಅರ್ಧ ಭಾಗ ಸುಮಾರು ಎರಡೇ ನಿಮಿಷಕ್ಕೆ ಇಲ್ಲವಾಗುತ್ತದೆ. ಬೇಗ ಕೆಲಸ ಶುರು ಮಾಡುತ್ತದೆ, ಬೇಗ ಹೋಗಿಬಿಡುತ್ತದೆ. ಕೆಳಗೆ ಹೇಳಿರುವ ಬಹುತೇಕ ಎಚ್ಚರಿಕೆಗಳು ಬಂದಿರುವುದು ಇದರಿಂದಲೇ.

ಇದು ಆಸ್ಪತ್ರೆಯಲ್ಲಿ, ಮಾನಿಟರ್ ಇರುವ ಹಾಸಿಗೆಯಲ್ಲಿ, ವೈದ್ಯರ ಆರ್ಡರ್ ಮೇಲೆ ಮಾತ್ರ ಕೊಡುವ ಔಷಧಿ. ನಿಮ್ಮ ಘಟಕದ್ದೇ ಒಂದು ಲಿಖಿತ ಕ್ರಮ ಇರುತ್ತದೆ. ಇಲ್ಲಿ ಹೇಳಿದ್ದಕ್ಕೂ ಅದಕ್ಕೂ ವ್ಯತ್ಯಾಸ ಬಂದರೆ ಅದನ್ನೇ ಪಾಲಿಸಿ.

ಮೊದಲು ರೋಗಿಯನ್ನು ನೋಡಿ

ಬಿಪಿ ಕಮ್ಮಿ ಇದ್ದವರೆಲ್ಲ ಶಾಕ್‌ನಲ್ಲಿ ಇರುವುದಿಲ್ಲ. ಬಿಪಿ ಇನ್ನೂ ಬೀಳದೇ ಇದ್ದರೂ ಶಾಕ್ ಶುರುವಾಗಿರಬಹುದು. ದೇಹದ ಅಂಗಗಳಿಗೆ ಬೇಕಾದಷ್ಟು ರಕ್ತ, ಅದರ ಜೊತೆ ಆಮ್ಲಜನಕ, ತಲುಪದಿದ್ದರೆ ಅದು ಶಾಕ್.

ಹಾಸಿಗೆ ಪಕ್ಕ ನಿಂತೇ ಇದನ್ನು ಗುರುತಿಸಬಹುದು. ರೋಗಿಯ ತೋರುಬೆರಳ ತುದಿಯನ್ನು ಬಿಳಿಚುವ ತನಕ ಒತ್ತಿ. ಹತ್ತು ಸೆಕೆಂಡ್ ಹಾಗೇ ಹಿಡಿದು ಬಿಡಿ. ಬಣ್ಣ ವಾಪಸ್ ಬರಲು ಮೂರು ಸೆಕೆಂಡ್‌ಗಿಂತ ಜಾಸ್ತಿ ಬೇಕಾದರೆ ರಕ್ತ ಸರಿಯಾಗಿ ಹರಿಯುತ್ತಿಲ್ಲ ಎಂದು ಅನುಮಾನಿಸಬೇಕು. ಹೊದಿಕೆ ಸರಿಸಿ ಮಂಡಿಗಳನ್ನು ನೋಡಿ. ಚರ್ಮದ ಮೇಲೆ ನೀಲಿ-ನೇರಳೆ ಬಣ್ಣ ಬಲೆಯ ಹಾಗೆ ಹರಡಿದ್ದರೆ ಅದೂ ಕೆಟ್ಟ ಸೂಚನೆ. ಮೂತ್ರ ಗಂಟೆಗೆ ಪ್ರತಿ ಕೆಜಿಗೆ ಅರ್ಧ ಎಂಎಲ್‌ಗಿಂತ ಕಮ್ಮಿ ಬರುತ್ತಿದೆಯಾ? ಮಾತು ತಡವರಿಸುತ್ತಿದೆಯಾ, ಗೊಂದಲ ಇದೆಯಾ? ರಕ್ತದ ಲ್ಯಾಕ್ಟೇಟ್ (ಅಂಗಗಳಿಗೆ ಆಮ್ಲಜನಕ ಸಾಲದಾಗ ಏರುವ ಅಂಶ) ಲೀಟರ್‌ಗೆ 2 ಮಿಲಿಮೋಲ್ ದಾಟಿದೆಯಾ? ಇವೆಲ್ಲ ಸೇರಿ ಶಾಕ್‌ನ ಚಿತ್ರ ಆಗುತ್ತದೆ.

ಬಿಪಿ ಅಂಕಿಯಲ್ಲಿ ನಮಗೆ ಬೇಕಾದದ್ದು ಸರಾಸರಿ ಒತ್ತಡ, ಅಂದರೆ ಮ್ಯಾಪ್. ಮಾನಿಟರ್ ಅದನ್ನು ಬ್ರಾಕೆಟ್‌ನಲ್ಲಿ ತೋರಿಸುತ್ತದೆ. ಲೆಕ್ಕ ಗೊತ್ತಿರಲಿ: ಮೇಲಿನ ಅಂಕಿಯಿಂದ ಕೆಳಗಿನದನ್ನು ಕಳೆದು, ಮೂರರಿಂದ ಭಾಗಿಸಿ, ಬಂದದ್ದನ್ನು ಕೆಳಗಿನ ಅಂಕಿಗೆ ಕೂಡಿಸಬೇಕು. ಬಿಪಿ 84/48 ಇದ್ದರೆ ವ್ಯತ್ಯಾಸ 36, ಮೂರನೇ ಒಂದು ಭಾಗ 12, ಮ್ಯಾಪ್ 60. ಸೋಂಕಿನಿಂದ ಅಂಗಗಳು ಕೆಡುವ ಸ್ಥಿತಿಯಿಂದ, ಅಂದರೆ ಸೆಪ್ಸಿಸ್‌ನಿಂದ, ಬಂದ ಶಾಕ್‌ನಲ್ಲಿ ಸಾಮಾನ್ಯವಾಗಿ ಮೊದಲ ಗುರಿ 65. ಹಳೇ ಬಿಪಿ ರೋಗಿಗಳಿಗೆ ಇನ್ನೂ ಮೇಲೆ ಇಡಬೇಕಾ ಅನ್ನುವ ಪ್ರಶ್ನೆ ಬರುತ್ತದೆ. 2014ರಲ್ಲಿ ಬಂದ ಸೆಪ್ಸಿಸ್‌ಪ್ಯಾಮ್ ಅಧ್ಯಯನದಲ್ಲಿ 80-85 ಇಟ್ಟವರಿಗೂ 65-70 ಇಟ್ಟವರಿಗೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಇರಲಿಲ್ಲ. ಹಳೇ ಬಿಪಿ ರೋಗಿಗಳಲ್ಲಿ ಮಾತ್ರ ಹೆಚ್ಚಿನ ಗುರಿ ಇಟ್ಟಾಗ ಡಯಾಲಿಸಿಸ್ ಅಗತ್ಯ ಕಮ್ಮಿಯಾಯಿತು. ಆದರೆ ಹೆಚ್ಚಿನ ಗುರಿಯ ಗುಂಪಿನಲ್ಲಿ ಹೃದಯದ ಲಯ ತಪ್ಪುವುದು ಹೆಚ್ಚಾಯಿತು. ಹಾಗಾಗಿ ಈ ರೋಗಿಗೆ ಗುರಿ ಎಷ್ಟು ಎಂದು ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ತಲೆಗೆ ಪೆಟ್ಟಾದವರಿಗೆ, ರಕ್ತಸ್ರಾವ ಇನ್ನೂ ನಿಲ್ಲದವರಿಗೆ ಗುರಿ ಬೇರೆಯೇ ಇರುತ್ತದೆ.

ಶಾಕ್ ಯಾಕೆ ಬಂತು ಅನ್ನುವುದು ಬಿಟ್ಟುಹೋಗಬಾರದು

ನಾರ್‌ಅಡ್ರಿನಲಿನ್ ಹೊರಗಿನ ವಸ್ತುವೇನಲ್ಲ. ನಮ್ಮ ನರಗಳೇ ಇದನ್ನು ಬಿಡುತ್ತವೆ. 1946ರಲ್ಲಿ ಸ್ವೀಡನ್ನಿನ ಉಲ್ಫ್ ವಾನ್ ಆಯ್ಲರ್ ಇದನ್ನು ತೋರಿಸಿಕೊಟ್ಟರು, 1970ರಲ್ಲಿ ಅವರಿಗೆ ನೊಬೆಲ್ ಬಂತು. ರಕ್ತನಾಳಗಳನ್ನು ಬಿಗಿ ಮಾಡುವುದು ಇದರ ಮುಖ್ಯ ಕೆಲಸ. ಜೊತೆಗೆ ಹೃದಯದ ಬಡಿತಕ್ಕೆ ಸ್ವಲ್ಪ ಬಲ ಕೊಡುತ್ತದೆ. ರಕ್ತನಾಳ ಸಡಿಲವಾಗಿ ಬಂದ ಶಾಕ್‌ಗೆ, ಮುಖ್ಯವಾಗಿ ಸೆಪ್ಸಿಸ್‌ಗೆ, ಮೊದಲ ಆಯ್ಕೆ ಇದೇ ಆಗಿರುವುದು ಅದಕ್ಕೆ.

ರಕ್ತವೋ ನೀರಿನಂಶವೋ ಹೋಗಿ ಬಿಪಿ ಬಿದ್ದಿದ್ದರೆ ಕಥೆ ಬೇರೆ. ಅಲ್ಲಿ ಬರೀ ನೋರಾಡ್ ಏರಿಸುತ್ತಾ ಹೋಗುವುದು ಖಾಲಿ ಸಂಪ್‌ಗೆ ಮೋಟರ್ ಹಾಕಿದ ಹಾಗೆ. ಮಾನಿಟರ್ ಮೇಲೆ ಅಂಕಿ ಸುಧಾರಿಸುತ್ತದೆ, ಒಳಗೆ ಕಿಡ್ನಿಗೆ, ಕರುಳಿಗೆ ರಕ್ತ ಇನ್ನೂ ಕಮ್ಮಿಯಾಗುತ್ತದೆ. ಸೆಪ್ಸಿಸ್‌ನಲ್ಲಿ ಮೊದಲ ಮೂರು ಗಂಟೆಯಲ್ಲಿ ಪ್ರತಿ ಕೆಜಿಗೆ ಕನಿಷ್ಠ 30 ಎಂಎಲ್ ಐವಿ ದ್ರವ ಕೊಡಿ ಎಂದು 2021ರ ಅಂತರರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿ ಸಲಹೆ ಮಾಡುತ್ತದೆ. ಹಾಗಂತ ಮ್ಯಾಪ್ 45ರಲ್ಲಿ ಇರುವ ರೋಗಿಗೆ ದ್ರವ ಪೂರ್ತಿ ಹೋಗುವ ತನಕ ನೋರಾಡ್ ತಡೆಯುವುದೂ ತಪ್ಪು. ಎರಡೂ ಜೊತೆಜೊತೆಯಲ್ಲಿ ನಡೆಯಬಹುದು. ಸೆಪ್ಸಿಸ್ ಶಾಕ್ ಆದರೆ ಆಂಟಿಬಯೋಟಿಕ್ ಒಂದು ಗಂಟೆಯೊಳಗೆ ಹೋಗಬೇಕು. ಡ್ರಿಪ್ ಹೊಂದಿಸುವ ಗಡಿಬಿಡಿಯಲ್ಲಿ ಅದು ಟ್ರೇಯಲ್ಲೇ ಉಳಿದುಬಿಡುವ ಅಪಾಯ ನಿಜವಾಗಿಯೂ ಇದೆ.

ಎದೆಯೊಳಗೆ ಗಾಳಿ ಒತ್ತಿಕೊಂಡಿದ್ದರೆ, ಹೃದಯದ ಸುತ್ತ ದ್ರವ ತುಂಬಿದ್ದರೆ, ಶ್ವಾಸಕೋಶದ ದೊಡ್ಡ ರಕ್ತನಾಳದಲ್ಲಿ ಹೆಪ್ಪು ಕೂತಿದ್ದರೆ, ಆ ತಡೆಯನ್ನು ತೆಗೆಯುವುದೇ ಚಿಕಿತ್ಸೆ. ಔಷಧಿ ಅಲ್ಲಿಯವರೆಗೆ ಸಮಯ ಕೊಡುತ್ತದೆ, ಅಷ್ಟೇ. ಇನ್ನೊಂದನ್ನು ಮರೆಯಲೇಬಾರದು: ಇಂಜೆಕ್ಷನ್ ಕೊಟ್ಟ ಮೇಲೆ ಮೈಮೇಲೆ ದದ್ದು ಎದ್ದು, ಉಸಿರು ಕಟ್ಟಿ, ಬಿಪಿ ಬಿದ್ದರೆ ಅದು ಅಲರ್ಜಿಯ ಶಾಕ್. ಅದಕ್ಕೆ ನೋರಾಡ್ ಡ್ರಿಪ್ ಹುಡುಕುತ್ತಾ ಕೂರಬಾರದು. ದೊಡ್ಡವರಿಗೆ ಅಡ್ರಿನಲಿನ್ 0.5 ಮಿಲಿಗ್ರಾಂ ತೊಡೆಯ ಹೊರಭಾಗದ ಮಾಂಸಖಂಡಕ್ಕೆ, ಕೂಡಲೇ.

ಯಾವ ಲೈನ್‌ನಲ್ಲಿ ಕೊಡುತ್ತೀರಿ

ಸೆಂಟ್ರಲ್ ಲೈನ್, ಅಂದರೆ ಹೃದಯದ ಹತ್ತಿರದ ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ, ಇದ್ದರೆ ಒಳ್ಳೆಯದು. ಅದರಲ್ಲಿ ಒಂದು ಲ್ಯೂಮೆನ್ (ಒಳಗಿನ ಪ್ರತ್ಯೇಕ ದಾರಿ) ನೋರಾಡ್‌ಗೆ ಮೀಸಲು. ಅದರಲ್ಲಿ ಬೇರೆ ಇಂಜೆಕ್ಷನ್ ತಳ್ಳುವಂತಿಲ್ಲ, ಆಂಟಿಬಯೋಟಿಕ್ ಹಾಕುವಂತಿಲ್ಲ, ರಕ್ತ ತೆಗೆಯುವಂತಿಲ್ಲ. ಸೋಡಾಬೈಕಾರ್ಬ್ ಅಂತೂ ಬೇಡವೇ ಬೇಡ, ಕ್ಷಾರ ತಾಗಿದರೆ ನೋರಾಡ್ ಶಕ್ತಿ ಕಳೆದುಕೊಳ್ಳುತ್ತದೆ.

ಸೆಂಟ್ರಲ್ ಲೈನ್ ಇಲ್ಲ ಎಂದು ಕಾಯಬೇಕಾಗಿಲ್ಲ. ಸ್ವಲ್ಪ ಹೊತ್ತಿನ ಮಟ್ಟಿಗೆ ಕೈಯ ರಕ್ತನಾಳದಲ್ಲೇ ಶುರು ಮಾಡಬಹುದು ಎಂದು 2021ರ ಅದೇ ಮಾರ್ಗಸೂಚಿ ಹೇಳುತ್ತದೆ. ಆದರೆ ಎಲ್ಲೋ ಸಿಕ್ಕ ಕ್ಯಾನುಲಾಗೆ ಹಾಕುವುದಲ್ಲ. ಮುಂಗೈ ಹಿಂಭಾಗ, ಮಣಿಕಟ್ಟು ಬೇಡ. ಮೊಣಕೈ ಮಡಚುವ ಜಾಗದಲ್ಲಿ ಅಥವಾ ಅದಕ್ಕಿಂತ ಮೇಲೆ ದಪ್ಪ ರಕ್ತನಾಳ ಬೇಕು. ಸಲೈನ್ ತಳ್ಳಿ ನೋಡಿ. ಸರಾಗವಾಗಿ ಹೋಗಬೇಕು, ಊದಬಾರದು, ನೋವು ಇರಬಾರದು. ಅದೇ ಕೈಗೆ ಬಿಪಿ ಕಫ್ ಕಟ್ಟಬೇಡಿ. ಕಫ್ ಬಿಗಿಯಾದಾಗ ಔಷಧಿ ನಿಲ್ಲುತ್ತದೆ, ಬಿಟ್ಟಾಗ ತಡೆದು ನಿಂತದ್ದೆಲ್ಲ ಒಟ್ಟಿಗೆ ನುಗ್ಗುತ್ತದೆ.

ಬೆರೆಸುವುದು, ಲೆಕ್ಕ ಹಾಕುವುದು

ಆಂಪ್ಯೂಲ್ ಒಡೆಯುವ ಮುಂಚೆ ಲೇಬಲ್ ಪೂರ್ತಿ ಓದಿ. ಈ ಔಷಧಿಯಲ್ಲಿ ಒಂದು ತೊಡಕಿದೆ. ಕೆಲವು ಲೇಬಲ್‌ಗಳು ಟಾರ್ಟ್ರೇಟ್ ಲವಣದ ತೂಕ ಬರೆದಿರುತ್ತವೆ, ಕೆಲವು ಬೇಸ್ ತೂಕ, ಅಂದರೆ ಲವಣದ ಭಾಗ ಬಿಟ್ಟು ಬರೀ ನಾರ್‌ಅಡ್ರಿನಲಿನ್‌ನ ತೂಕ. 2 ಮಿಲಿಗ್ರಾಂ ಟಾರ್ಟ್ರೇಟ್ ಅಂದರೆ 1 ಮಿಲಿಗ್ರಾಂ ಬೇಸ್. ಇದನ್ನು ಗಮನಿಸದಿದ್ದರೆ ಡೋಸ್ ಒಂದೋ ಅರ್ಧ ಆಗುತ್ತದೆ, ಇಲ್ಲವೇ ಎರಡು ಪಟ್ಟು. ದ್ರವ ಗುಲಾಬಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಬಳಸಬೇಡಿ.

ಸಿರಿಂಜ್ ಪಂಪ್‌ಗೆ ಸಾಮಾನ್ಯವಾದ ಒಂದು ಅಳತೆ: 4 ಮಿಲಿಗ್ರಾಂ ಬೇಸ್, 5% ಡೆಕ್ಸ್ಟ್ರೋಸ್ ಸೇರಿಸಿ ಒಟ್ಟು 50 ಎಂಎಲ್. ಒಂದು ಎಂಎಲ್‌ಗೆ 80 ಮೈಕ್ರೋಗ್ರಾಂ ಆಗುತ್ತದೆ. ಡೆಕ್ಸ್ಟ್ರೋಸ್ ಯಾಕೆ ಅಂದರೆ, ಔಷಧಿ ಗಾಳಿಗೆ ಕೆಡುವುದನ್ನು ಅದು ತಡೆಯುತ್ತದೆ.

ಲೆಕ್ಕ ಹೀಗೆ. ರೋಗಿಯ ತೂಕ 60 ಕೆಜಿ. ಆರ್ಡರ್: ನಿಮಿಷಕ್ಕೆ ಪ್ರತಿ ಕೆಜಿಗೆ 0.1 ಮೈಕ್ರೋಗ್ರಾಂ. ಅಂದರೆ ನಿಮಿಷಕ್ಕೆ 6 ಮೈಕ್ರೋಗ್ರಾಂ. ಗಂಟೆಗೆ 360. ಅದನ್ನು 80ರಿಂದ ಭಾಗಿಸಿದರೆ 4.5. ಪಂಪ್‌ನಲ್ಲಿ ಗಂಟೆಗೆ 4.5 ಎಂಎಲ್ ಇಡಬೇಕು. ಈಗ ಇದೇ 4 ಮಿಲಿಗ್ರಾಂ ಅನ್ನು 250 ಎಂಎಲ್‌ನಲ್ಲಿ ಬೆರೆಸಿದ್ದಾರೆ ಅಂದುಕೊಳ್ಳಿ. ಆಗ ಎಂಎಲ್‌ಗೆ 16 ಮೈಕ್ರೋಗ್ರಾಂ, ಅದೇ ಡೋಸ್‌ಗೆ ಗಂಟೆಗೆ 22.5 ಎಂಎಲ್ ಬೇಕು. ಹಾಗಾಗಿ "ನೋರಾಡ್ ಐದರಲ್ಲಿ ಹೋಗ್ತಿದೆ" ಎಂದು ಹ್ಯಾಂಡ್‌ಓವರ್‌ನಲ್ಲಿ ಹೇಳಿದರೆ ಏನೂ ಹೇಳಿದ ಹಾಗಾಗುವುದಿಲ್ಲ. ಮೈಕ್ರೋಗ್ರಾಂನಲ್ಲಿ ಹೇಳಿ, ಜೊತೆಗೆ ಎಷ್ಟರಲ್ಲಿ ಬೆರೆಸಿದೆ ಅನ್ನುವುದನ್ನೂ ಹೇಳಿ.

ಲೆಕ್ಕವನ್ನು ಇನ್ನೊಬ್ಬರು ಬೇರೆಯಾಗಿ ಮಾಡಿ ನೋಡಬೇಕು. ನೀವು ಮಾಡಿದ್ದನ್ನು ತೋರಿಸಿ ಸುಮ್ನೆ "ಸರಿ ಅಲ್ವಾ?" ಅಂದರೆ ಯಾರೂ ತಪ್ಪು ಹುಡುಕುವುದಿಲ್ಲ. ಸಿರಿಂಜ್ ಮೇಲೆ ಔಷಧಿಯ ಹೆಸರು, ಪ್ರಮಾಣ, ಎಂಎಲ್‌ಗೆ ಎಷ್ಟು ಮೈಕ್ರೋಗ್ರಾಂ, ದಿನಾಂಕ, ಸಮಯ, ಇಬ್ಬರ ಸಹಿ. ಪಂಪ್ ಹತ್ತಿರವೂ ಲೇಬಲ್, ರೋಗಿಯ ಕಡೆಯ ತುದಿಯಲ್ಲೂ ಲೇಬಲ್.

ಶುರು ಮಾಡುವಾಗ

ಸಿರಿಂಜ್ ಅನ್ನು ಪಂಪ್‌ಗೆ ಕೂರಿಸಿ, ರೋಗಿಗೆ ಜೋಡಿಸುವ ಮುಂಚೆ ಪರ್ಜ್ (ಔಷಧಿಯನ್ನು ಟ್ಯೂಬ್ ತುದಿಯವರೆಗೆ ತಳ್ಳುವ ಬಟನ್) ಒತ್ತಿ. ಪಿಸ್ಟನ್ ಮತ್ತು ಪಂಪ್ ನಡುವೆ ಸ್ವಲ್ಪ ಸಡಿಲ ಇರುತ್ತದೆ. ಅದು ತುಂಬದಿದ್ದರೆ ಪರದೆ ಮೇಲೆ 4.5 ಎಂದು ತೋರಿಸುತ್ತಾ ಎಷ್ಟೋ ನಿಮಿಷ ಒಂದು ಹನಿಯೂ ಮುಂದೆ ಹೋಗುವುದಿಲ್ಲ.

ಇನ್ನೊಂದು ಕಡೆಯಲ್ಲೂ ತಡವಾಗುತ್ತದೆ. ಸೆಂಟ್ರಲ್ ಲೈನ್‌ನ ಒಂದು ಲ್ಯೂಮೆನ್ ಸುಮಾರು ಅರ್ಧ ಎಂಎಲ್ ಹಿಡಿಯುತ್ತದೆ. ಅದರಲ್ಲಿ ಈಗ ಇರುವುದು ಸಲೈನ್. ಗಂಟೆಗೆ 4.5 ಎಂಎಲ್ ವೇಗದಲ್ಲಿ ಆ ಅರ್ಧ ಎಂಎಲ್ ದಾಟಲು ಆರೇಳು ನಿಮಿಷ ಬೇಕು. ಅಲ್ಲಿಯವರೆಗೆ ರೋಗಿಗೆ ಔಷಧಿಯೇ ತಲುಪಿಲ್ಲ. ಇದು ಗೊತ್ತಿಲ್ಲದವರು ಬಿಪಿ ಏರಲಿಲ್ಲ ಎಂದು ಎಂಟು, ಹನ್ನೆರಡು, ಹದಿನೈದು ಎಂದು ಏರಿಸುತ್ತಾ ಹೋಗುತ್ತಾರೆ. ಆಮೇಲೆ ಒಮ್ಮೆಗೇ ಬಿಪಿ ಇನ್ನೂರರ ಹತ್ತಿರ ಹೋಗುತ್ತದೆ.

ಸಾಮಾನ್ಯವಾಗಿ ಶುರು ಮಾಡುವುದು ನಿಮಿಷಕ್ಕೆ ಪ್ರತಿ ಕೆಜಿಗೆ 0.05ರಿಂದ 0.1 ಮೈಕ್ರೋಗ್ರಾಂನಲ್ಲಿ. ಔಷಧಿ ತಲುಪಿದ ಮೇಲೆ ಒಂದೆರಡು ನಿಮಿಷದಲ್ಲಿ ಪರಿಣಾಮ ಕಾಣುತ್ತದೆ. ಸಣ್ಣ ಸಣ್ಣ ಹೆಜ್ಜೆಯಲ್ಲಿ ಏರಿಸಿ, ಪ್ರತಿ ಹೆಜ್ಜೆಗೂ ಕೆಲವು ನಿಮಿಷ ಕೊಡಿ. ಖಿನ್ನತೆಗೆ ಎಂಎಒ ತಡೆಯುವ ಮಾತ್ರೆ ಅಥವಾ ಟ್ರೈಸೈಕ್ಲಿಕ್ ಗುಂಪಿನ ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲಿ ಬಿಪಿ ವಿಪರೀತ ಏರಬಹುದು. ಮನೆಯವರನ್ನು ಕೇಳಿ ತಿಳಿದುಕೊಳ್ಳಿ.

ಮನೆಯವರ ಹತ್ತಿರ ಮಾತಾಡುವಾಗ "ಬಿಪಿ ಔಷಧಿ ಹಾಕಿದ್ದೇವೆ" ಎಂದಷ್ಟೇ ಹೇಳಬೇಡಿ. ಬಿಪಿ ಔಷಧಿ ಅಂದರೆ ಜನರ ಮನಸ್ಸಿಗೆ ಬರುವುದು ಬಿಪಿ ಇಳಿಸುವ ಮಾತ್ರೆ. ರಕ್ತದೊತ್ತಡ ತುಂಬಾ ಇಳಿದಿದೆ, ಅದನ್ನು ಎತ್ತಿ ಹಿಡಿಯಲು ಕೊಡುತ್ತಿದ್ದೇವೆ, ಕಾಯಿಲೆಯ ಮೂಲಕ್ಕೆ ಬೇರೆ ಚಿಕಿತ್ಸೆ ನಡೆಯುತ್ತಿದೆ ಎಂದು ಬಿಡಿಸಿ ಹೇಳಿ.

ನಿಗಾ: ಅಂಕಿ ನಿಜವಾ?

ಆರ್ಟೀರಿಯಲ್ ಲೈನ್, ಅಂದರೆ ಅಪಧಮನಿಯೊಳಗೆ ಹಾಕಿದ ಕೊಳವೆ, ಇದ್ದರೆ ಬಿಪಿ ಕ್ಷಣಕ್ಷಣಕ್ಕೂ ಕಾಣುತ್ತದೆ. ಆದರೆ ಅದರ ಒತ್ತಡ ಅಳೆಯುವ ಭಾಗ, ಟ್ರಾನ್ಸ್‌ಡ್ಯೂಸರ್, ಹೃದಯದ ಮಟ್ಟದಲ್ಲಿ ಇರಬೇಕು: ನಾಲ್ಕನೇ ಪಕ್ಕೆಲುಬಿನ ಸಂದು, ಎದೆಯ ಪಕ್ಕದ ಮಧ್ಯರೇಖೆ. ಅದು 10 ಸೆಂಟಿಮೀಟರ್ ಕೆಳಗಿದ್ದರೆ ಬಿಪಿ 7 ಮಿಲಿಮೀಟರ್‌ನಷ್ಟು ಜಾಸ್ತಿ ತೋರಿಸುತ್ತದೆ. ಯಾರೋ ಹಾಸಿಗೆಯನ್ನು ಮೇಲೆತ್ತಿದರು, ಟ್ರಾನ್ಸ್‌ಡ್ಯೂಸರ್ ಸ್ಟ್ಯಾಂಡ್‌ನಲ್ಲೇ ಉಳಿಯಿತು. ಮ್ಯಾಪ್ 66 ಎಂದು ತೋರಿಸುತ್ತಿದೆ, ನಿಜವಾಗಿ 59. ಹಾಸಿಗೆ ಅಲುಗಿಸಿದಾಗಲೆಲ್ಲ ಮಟ್ಟ ನೋಡಿ.

ಕಾಲ್ಬೆರಳು, ಕೈಬೆರಳು ಕಪ್ಪಾಗುತ್ತಿವೆಯಾ, ಹೊಟ್ಟೆ ಉಬ್ಬುತ್ತಿದೆಯಾ, ಲಯ ತಪ್ಪುತ್ತಿದೆಯಾ ನೋಡುತ್ತಿರಿ. ಗುರಿ ತಲುಪಿದ ಮೇಲೂ ಬೆರಳು ಒತ್ತುವ ಪರೀಕ್ಷೆ, ಮೂತ್ರ, ಲ್ಯಾಕ್ಟೇಟ್ ಸುಧಾರಿಸದಿದ್ದರೆ ವೈದ್ಯರಿಗೆ ತಿಳಿಸಿ.

ಕೈಯಲ್ಲಿ ಡ್ರಿಪ್ ಇದ್ದರೆ ಕನಿಷ್ಠ ಗಂಟೆಗೊಮ್ಮೆ ಆ ಜಾಗವನ್ನು ಮುಟ್ಟಿ ನೋಡಬೇಕು. ಔಷಧಿ ಹೊರಗೆ ಸೋರಿದಾಗ ಚರ್ಮ ಬಿಳಿಚಿ, ತಣ್ಣಗೆ, ಗಟ್ಟಿಯಾಗುತ್ತದೆ. ಕೆಲವೊಮ್ಮೆ ರಕ್ತನಾಳದ ಗುಂಟ ಒಂದು ಬಿಳಿ ಗೆರೆ ಮೊದಲು ಕಾಣುತ್ತದೆ. ಬಿಟ್ಟರೆ ಆ ಚರ್ಮ ಸತ್ತು ಕಪ್ಪಾಗುತ್ತದೆ. ಸೋರಿದ್ದು ಗೊತ್ತಾದ ತಕ್ಷಣ ಆ ಡ್ರಿಪ್ ನಿಲ್ಲಿಸಿ, ಇನ್ನೊಬ್ಬರು ಅದೇ ಹೊತ್ತಿಗೆ ಬೇರೆ ಲೈನ್‌ನಲ್ಲಿ ನೋರಾಡ್ ಶುರು ಮಾಡಲಿ. ಕ್ಯಾನುಲಾ ಕಿತ್ತು ಬಿಸಾಡಬೇಡಿ, ಫ್ಲಶ್ ಮಾಡಬೇಡಿ. ಅದರ ಮೂಲಕವೇ ಸಿರಿಂಜ್‌ನಿಂದ ಎಳೆದು ಎಷ್ಟು ಬರುತ್ತದೋ ಅಷ್ಟು ಹೊರತೆಗೆಯಿರಿ, ಆಮೇಲೆ ತೆಗೆಯಿರಿ. ಸುತ್ತ ಪೆನ್ನಿನಿಂದ ಗೆರೆ ಹಾಕಿ. ಕೈ ಎತ್ತರಕ್ಕಿಡಿ. ಬೆಚ್ಚಗಿನ ಶಾಖ ಕೊಡಿ, ಐಸ್ ಬೇಡ. ವೈದ್ಯರ ಆರ್ಡರ್ ಮೇಲೆ, ಬಿಗಿಯಾದ ರಕ್ತನಾಳ ಸಡಿಲಿಸುವ ಫೆಂಟೊಲಮೈನ್ 5ರಿಂದ 10 ಮಿಲಿಗ್ರಾಂ ಅನ್ನು 10-15 ಎಂಎಲ್ ಸಲೈನ್‌ನಲ್ಲಿ ಬೆರೆಸಿ ಆ ಜಾಗದ ಸುತ್ತ ಸಣ್ಣ ಸೂಜಿಯಿಂದ ಚುಚ್ಚುತ್ತಾರೆ. 12 ಗಂಟೆಯೊಳಗೆ ಆಗಬೇಕು, ಬೇಗ ಆದಷ್ಟೂ ಒಳ್ಳೆಯದು.

ಸಿರಿಂಜ್ ಬದಲಿಸುವ ಆ ಒಂದು ನಿಮಿಷ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಅಪಾಯದ ಹೊತ್ತು ಇದೇ. ಔಷಧಿ ಎರಡು ನಿಮಿಷದಲ್ಲಿ ಅರ್ಧ ಆಗುತ್ತದೆ ಅಂದೆವಲ್ಲ. ಹಳೇ ಸಿರಿಂಜ್ ತೆಗೆದು, ಹೊಸದನ್ನು ಬೆರೆಸಿ, ಗಾಳಿ ತೆಗೆದು ಹಾಕುವಷ್ಟರಲ್ಲಿ ಮ್ಯಾಪ್ ನಲವತ್ತಕ್ಕೆ ಬಂದಿರುತ್ತದೆ.

ಸಿರಿಂಜ್ ಮುಗಿಯಲು ಅರ್ಧ ಗಂಟೆ ಇರುವಾಗಲೇ ಹೊಸದು ಸಿದ್ಧ ಇರಲಿ. ಸಾಧ್ಯವಿದ್ದರೆ ಎರಡನೇ ಪಂಪ್ ತನ್ನಿ. ಹೊಸ ಸಿರಿಂಜ್ ಕೂರಿಸಿ, ಪರ್ಜ್ ಮಾಡಿ, ಅದೇ ವೇಗ ಇಟ್ಟು, ತುದಿಯಲ್ಲಿ ಹನಿ ಬೀಳುವ ತನಕ ಹೊರಗೇ ಓಡಿಸಿ. ಆಮೇಲೆ ಥ್ರೀ-ವೇನ (ಲೈನ್‌ನಲ್ಲಿರುವ ಮೂರು ಬಾಯಿಯ ನಲ್ಲಿ) ಖಾಲಿ ಬಾಯಿಗೆ ಜೋಡಿಸಿ ತೆರೆಯಿರಿ. ಈಗ ಎರಡೂ ಹೋಗುತ್ತಿವೆ, ಅಂದರೆ ಡೋಸ್ ಎರಡು ಪಟ್ಟು. ಕಣ್ಣು ಮಾನಿಟರ್ ಮೇಲೆ ಇರಲಿ. ಮ್ಯಾಪ್ ಏರಲು ಶುರುವಾದ ಕೂಡಲೇ ಹಳೆಯದನ್ನು ನಿಲ್ಲಿಸಿ, ಅದರ ಕಡೆಯ ನಲ್ಲಿ ಮುಚ್ಚಿ. ಬಿಪಿ ಸ್ಥಿರ ಆಗುವ ತನಕ ಹಳೇ ಪಂಪ್ ಅಲ್ಲೇ ಇರಲಿ. ಒಂದೇ ಪಂಪ್ ಇರುವ ಕಡೆ ಹೊಸ ಸಿರಿಂಜ್ ಕೈಯಲ್ಲಿ ಸಿದ್ಧ ಇಟ್ಟುಕೊಂಡು ಇಬ್ಬರು ನಿಂತು ಬದಲಿಸಿ. ಸ್ಕ್ಯಾನ್‌ಗೆ ಕರೆದುಕೊಂಡು ಹೋಗುವಾಗಲೂ ಒಂದು ಬದಲಿ ಸಿರಿಂಜ್ ಜೊತೆಯಲ್ಲಿರಲಿ, ಪಂಪ್‌ನ ಬ್ಯಾಟರಿ ಮೊದಲೇ ನೋಡಿ.

ನೋರಾಡ್ ಒಂದೇ ಸಾಲದಿದ್ದಾಗ

ಡೋಸ್ ನಿಮಿಷಕ್ಕೆ ಪ್ರತಿ ಕೆಜಿಗೆ 0.25ರಿಂದ 0.5 ಮೈಕ್ರೋಗ್ರಾಂ ಮಟ್ಟಕ್ಕೆ ಬಂದರೂ ಮ್ಯಾಪ್ ಸಾಲದಿದ್ದರೆ ಅದನ್ನೇ ಏರಿಸುವ ಬದಲು, ರಕ್ತನಾಳ ಬಿಗಿ ಮಾಡುವ ಇನ್ನೊಂದು ಔಷಧಿ ವ್ಯಾಸೋಪ್ರೆಸಿನ್ ಸೇರಿಸುತ್ತಾರೆ. ಇದರ ಡೋಸ್‌ಗೆ ತೂಕ ಬೇಕಿಲ್ಲ. ನಿಮಿಷಕ್ಕೆ 0.03 ಯೂನಿಟ್, ಸಾಮಾನ್ಯವಾಗಿ ಅಲ್ಲೇ ನಿಲ್ಲಿಸುತ್ತಾರೆ. 20 ಯೂನಿಟ್ ಅನ್ನು 50 ಎಂಎಲ್‌ಗೆ ಬೆರೆಸಿದರೆ ಗಂಟೆಗೆ 4.5 ಎಂಎಲ್. ನೋರಾಡ್‌ನ ಹಾಗೆ ಇದನ್ನು ಆಗಾಗ ಏರಿಸಿ ಇಳಿಸುವುದಿಲ್ಲ. ನೋರಾಡ್ 0.25 ಅಥವಾ ಅದಕ್ಕಿಂತ ಜಾಸ್ತಿ ಡೋಸ್‌ನಲ್ಲಿ ನಾಲ್ಕು ಗಂಟೆ ದಾಟಿದರೆ ದಿನಕ್ಕೆ 200 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಸೇರಿಸುವುದುಂಟು. ಹೃದಯವೇ ಸೋತಿದ್ದರೆ ಡೊಬುಟಮೈನ್ ಅಥವಾ ಅಡ್ರಿನಲಿನ್.

ಮುಂಚೆ ಇದೇ ಕೆಲಸಕ್ಕೆ ಬಳಸುತ್ತಿದ್ದ ಡೋಪಮೈನ್ ಯಾಕೆ ಹಿಂದೆ ಸರಿಯಿತು ಎಂದು ಹೊಸಬರು ಕೇಳುತ್ತಾರೆ. 2010ರಲ್ಲಿ 1,679 ರೋಗಿಗಳಲ್ಲಿ ಎರಡನ್ನೂ ಹೋಲಿಸಿ ನೋಡಿದಾಗ ಸಾವಿನಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಆದರೆ ಹೃದಯದ ಲಯ ತಪ್ಪಿದ್ದು ಡೋಪಮೈನ್ ಪಡೆದವರಲ್ಲಿ 24%, ನೋರಾಡ್ ಪಡೆದವರಲ್ಲಿ 12%.

ಇಳಿಸುವುದು, ನಿಲ್ಲಿಸುವುದು

ಮ್ಯಾಪ್ ಗುರಿಗಿಂತ ಮೇಲೆ ನಿಂತು, ಕೈಕಾಲು ಬೆಚ್ಚಗಾಗಿ, ಮೂತ್ರ ಬರುತ್ತಿದ್ದರೆ ಇಳಿಸಲು ಹೊರಡಬಹುದು. ಒಮ್ಮೆಗೇ ನಿಲ್ಲಿಸಬಾರದು. 0.02ರಿಂದ 0.05ರಷ್ಟು ಇಳಿಸಿ, ಹತ್ತು ನಿಮಿಷದಿಂದ ಅರ್ಧ ಗಂಟೆ ನೋಡಿ, ಮತ್ತೆ ಇಳಿಸಿ. ಬಿಪಿ ಜಾರಿದರೆ ಹಿಂದಿನ ಹೆಜ್ಜೆಗೆ ವಾಪಸ್. ಹಾಗೆಯೇ ಮ್ಯಾಪ್ 85ರಲ್ಲಿ ಇರುವಾಗ "ಚೆನ್ನಾಗಿದೆ, ಇರಲಿ" ಎಂದು ಬಿಡಬೇಡಿ. ಬೇಕಿಲ್ಲದ ಡೋಸ್ ಬೆರಳುಗಳಿಗೂ ಕರುಳಿಗೂ ಕೆಡುಕು. ಇಳಿಸಬಹುದಾ ಎಂದು ಪ್ರತಿ ರೌಂಡ್ಸ್‌ನಲ್ಲಿ ನೀವೇ ಕೇಳಿ.

ಪಂಪ್ ನಿಲ್ಲಿಸಿದ ಮೇಲೆ ಇನ್ನೂ ಒಂದು ಕೆಲಸ ಬಾಕಿ ಇರುತ್ತದೆ. ಆ ಲ್ಯೂಮೆನ್‌ನಲ್ಲಿ ಅರ್ಧ ಎಂಎಲ್ ನೋರಾಡ್ ನಿಂತಿದೆ, ಅಂದರೆ 40 ಮೈಕ್ರೋಗ್ರಾಂ. ನಮ್ಮ 60 ಕೆಜಿ ರೋಗಿಗೆ 0.1 ಡೋಸ್‌ನಲ್ಲಿ ಆರೇಳು ನಿಮಿಷಕ್ಕೆ ಹೋಗುವಷ್ಟು. ಮುಂದಿನ ಪಾಳಿಯವರು ಖಾಲಿ ಇದೆ ಎಂದುಕೊಂಡು ಅದರಲ್ಲಿ ಆಂಟಿಬಯೋಟಿಕ್ ತಳ್ಳಿದರೆ ಅಷ್ಟೂ ಒಂದೇ ಸೆಕೆಂಡಿನಲ್ಲಿ ಹೃದಯಕ್ಕೆ ಹೋಗುತ್ತದೆ. ಹಾಗಾಗಿ ಲೈನ್ ಬಿಚ್ಚಿ, ಖಾಲಿ ಸಿರಿಂಜ್ ಜೋಡಿಸಿ, ಒಂದೆರಡು ಎಂಎಲ್ ರಕ್ತ ಬರುವ ತನಕ ಎಳೆದು ಚೆಲ್ಲಿ. ಆಮೇಲೆ ಸಲೈನ್‌ನಿಂದ ಫ್ಲಶ್ ಮಾಡಿ, ನೋರಾಡ್ ಲೇಬಲ್ ಕಿತ್ತುಹಾಕಿ, ಲ್ಯೂಮೆನ್ ಖಾಲಿ ಮಾಡಿದ ಸಮಯವನ್ನು ಚಾರ್ಟ್‌ನಲ್ಲಿ ಬರೆಯಿರಿ.